ಹಿಟ್ ಪಾಯಿಂಟ್ ಅಂದರೆ ರಕ್ತ ಅಲ್ಲ

‘44 ಹಿಟ್ ಪಾಯಿಂಟ್ ಇರೋ ಫೈಟರ್ ಒಂದು ಕತ್ತಿ ಏಟಿಗೆ ಸಾಯೋದೇ ಇಲ್ಲ, ಇದೆಂಥಾ ಯುದ್ಧ?’ ದಾಳ ಉರುಳಿಸಿ, ಒಂದೊಂದು ಪಾತ್ರವಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದವರಿಂದ ಈ ದೂರು ಕೇಳಿ ಕೇಳಿ ಸಾಕಾಗಿದೆ. ಏಟು ಬಿದ್ದಂತೆ ಇಳಿದು, ಸೊನ್ನೆಯಾದರೆ ಪಾತ್ರವನ್ನು ನೆಲಕ್ಕೆ ಕೆಡಹುವ ಅಂಕಿಯೇ ಹಿಟ್ ಪಾಯಿಂಟ್. ಅದನ್ನು ಮೈಯಲ್ಲಿರುವ ರಕ್ತ ಅಂದುಕೊಂಡಿರುವುದೇ ಇದಕ್ಕೆ ಕಾರಣ.

ಈ ಲೆಕ್ಕ ಬಂದದ್ದು ಹಡಗುಗಳಿಂದ. ಆಟ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಡೇವ್ ಆರ್ನೆಸನ್, ಅಮೆರಿಕದ ಅಂತರ್ಯುದ್ಧದ ಕಬ್ಬಿಣದ ಕವಚದ ಹಡಗುಗಳ ಆಟದಿಂದ ಇದನ್ನು ತೆಗೆದುಕೊಂಡೆ ಎಂದು ಹೇಳಿದ್ದಾರೆ. ಇದಕ್ಕೂ ಹಿಂದಿನ ಯುದ್ಧದಾಟವಾದ 1971ರ ಚೈನ್‌ಮೇಲ್ ನಿಯಮಗಳಲ್ಲಿ ಸಾಮಾನ್ಯ ಸೈನಿಕ ಒಂದೇ ಏಟಿಗೆ ಸಾಯುತ್ತಿದ್ದ. ರಾಕ್ಷಸನನ್ನು ಹಾಗೆ ಕೊಲ್ಲುವುದು ಆಟಗಾರರಿಗೆ ಇಷ್ಟವೇ. ತಾವೇ ಹಾಗೆ ಸಾಯುವುದು ಇಷ್ಟವಿರಲಿಲ್ಲ. ಮುಂದೆ 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಆಟ ಕಟ್ಟಿದ ಇನ್ನೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಬಿಡಿಸಿಯೇ ಬರೆದರು: ಹಿಟ್ ಪಾಯಿಂಟಿನಲ್ಲಿ ಮೈಗಟ್ಟಿತನ ಒಂದು ಪಾಲು ಮಾತ್ರ. ಉಳಿದದ್ದು ಯುದ್ಧದ ಪಳಗಿಕೆ, ಅದೃಷ್ಟ, ದೈವದ ಕಾಪು. ಪಾಯಿಂಟ್ ಮರಳಿಸುವ ‘ಕ್ಯೂರ್ ವೂಂಡ್ಸ್’ (ಗಾಯ ಮಾಯಿಸು) ಎಂಬ ಮಂತ್ರದ ಹೆಸರು ದಾರಿ ತಪ್ಪಿಸುತ್ತದೆ, ನಿಜ. ಆದರೆ 2014ರ ಐದನೇ ಆವೃತ್ತಿಯಲ್ಲಿ 8 ಗಂಟೆಯ ಲಾಂಗ್ ರೆಸ್ಟ್ ಮುಗಿದರೆ ಎಲ್ಲ ಪಾಯಿಂಟೂ ವಾಪಸ್ ಬರುತ್ತದೆ. ಹರಿದ ಹೊಟ್ಟೆ ಒಂದು ರಾತ್ರಿಗೆ ಕೂಡಿಕೊಳ್ಳುತ್ತಾ?

ಇದು ಸುಮ್ನೆ ಪದದ ಜಗಳವಲ್ಲ. ರಕ್ತ ಅಂದುಕೊಂಡ ಡಿಎಂ (ಆಟ ನಡೆಸುವ ಡಂಜನ್ ಮಾಸ್ಟರ್), ಯುದ್ಧ ಭಯಂಕರವಾಗಿರಲಿ ಅಂತ ಎಲ್ಲರ ಪಾಯಿಂಟನ್ನೂ ಅರ್ಧಕ್ಕೆ ಇಳಿಸುತ್ತಾರೆ. ಐದನೇ ಲೆವೆಲ್‌ನ ಫೈಟರ್ 44ರಿಂದ 22ಕ್ಕೆ ಬಂದ. ಅದೇ ಲೆವೆಲ್‌ನಲ್ಲಿ ಮಂತ್ರಗಾರ ವಿಝರ್ಡ್‌ಗೆ ಫೈರ್‌ಬಾಲ್ ಎಂಬ ಬೆಂಕಿಯುಂಡೆಯ ಮಂತ್ರ ಸಿಗುತ್ತದೆ. ಅದರ ಏಟು 8 ದಾಳ, ಸರಾಸರಿ 28. ಮಂತ್ರ ತಡೆಯಲು ಹಾಕುವ ದಾಳ, ಅಂದರೆ ಸೇವಿಂಗ್ ಥ್ರೋ ತಪ್ಪಿದರೆ ಇಡೀ ಗುಂಪು ಒಂದೇ ಸಲಕ್ಕೆ ನೆಲಕ್ಕೆ! ಕತ್ತಿಗೆ ಬೆಲೆ ಬರಲಿ ಅಂತ ಮಾಡಿದ್ದು, ಲಾಭವೆಲ್ಲ ಮಂತ್ರಕ್ಕೆ.

ಉಲ್ಟಾ ಮಾಡಿದರೂ ಅಷ್ಟೇ. ಪಾಯಿಂಟ್ ದುಪ್ಪಟ್ಟು ಮಾಡಿದರೆ ಫೈಟರ್ ಕಡಿಯುತ್ತಲೇ ಇರಬೇಕು. ಆಳನ್ನು ಕಟ್ಟಿಹಾಕುವ ಹೋಲ್ಡ್ ಪರ್ಸನ್ ಮಂತ್ರ ಮಾತ್ರ ಎದುರಾಳಿಯ ಹಿಟ್ ಪಾಯಿಂಟ್ ಎಷ್ಟು ಅಂತ ಕೇಳುವುದೇ ಇಲ್ಲ. ಥ್ರೋ ತಪ್ಪಿದರೆ ಆಸಾಮಿ ಅಲ್ಲೇ ಮರಗಟ್ಟಿ ನಿಲ್ಲುತ್ತಾನೆ. ಹಾಗಾಗಿ ಹಿಟ್ ಪಾಯಿಂಟ್ ಮುಟ್ಟುವ ಮೊದಲು, ಅದನ್ನು ದಾಟಿ ಹೋಗುವ ಮಂತ್ರಗಳನ್ನು ನೋಡಲೇಬೇಕು.

ಹಿಟ್ ಪಾಯಿಂಟ್ ನಿಜವಾಗಿಯೂ ಮೈಯೇ ಆಗಿರಬೇಕು ಅನ್ನುವವರಿಗೆ 1978ರಿಂದಲೇ ರೂನ್‌ಕ್ವೆಸ್ಟ್ ಎಂಬ ಇನ್ನೊಂದು ಆಟ ಇದೆ. ಅಲ್ಲಿ ಅನುಭವ ಹೆಚ್ಚಿದ ಮಾತ್ರಕ್ಕೆ ಪಾಯಿಂಟ್ ಬೆಳೆಯುವುದಿಲ್ಲ. ಕೈ, ಕಾಲು, ತಲೆಗೆ ಬೇರೆ ಬೇರೆ ಲೆಕ್ಕ. ಅದಕ್ಕೆ ತಕ್ಕಂತೆ, ಗಾಯ ಮಾಯಿಸುವ ಮಂತ್ರವನ್ನು ಕತ್ತಿ ಹಿಡಿದವನೂ ಕಲಿಯಬಹುದು.