ಅಸಲಿ ಆಕಾರವೇ ಗೊತ್ತಿಲ್ಲದ ಗ್ಯಾಲಕ್ಸಿ ಎಷ್ಟು ಸೊಟ್ಟಗಾಗಿದೆ ಅಂತ ಹೇಳುವುದು ಹೇಗೆ?

ಓದುಗರ ಪ್ರಶ್ನೆ: ದೂರದ ಗ್ಯಾಲಕ್ಸಿಗಳ ಬೆಳಕು ಬಾಗಿರುವುದನ್ನು ನೋಡಿ, ನಡುವೆ ಇರುವ ಗ್ಯಾಲಕ್ಸಿ ಗೊಂಚಲಿನ ತೂಕ ಕಂಡುಹಿಡಿಯುತ್ತಾರೆ ಎಂದು ಓದಿದ್ದೇನೆ. ಆದರೆ ಹಿಂದಿರುವ ಗ್ಯಾಲಕ್ಸಿಯ ಅಸಲಿ ಆಕಾರವನ್ನು ಯಾರೂ ನೋಡಿಲ್ಲವಲ್ಲ? ಹಾಗಿರುವಾಗ ಅದು ಎಷ್ಟು ಸೊಟ್ಟಗಾಗಿದೆ ಎಂದು ಹೇಗೆ ಗೊತ್ತಾಗುತ್ತದೆ?

ಹೀಗೆ ಗುರುತ್ವದಿಂದ ಬೆಳಕು ಬಾಗುವುದನ್ನು ಗುರುತ್ವ ಮಸೂರ ಎನ್ನುತ್ತಾರೆ. ಅದರ ಬಗ್ಗೆ ಬರೆದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಬರಬೇಕಾದದ್ದೇ. ಗೊಂಚಲನ್ನು ಪಕ್ಕಕ್ಕೆ ಸರಿಸಿ, ಹಿಂದಿನ ಗ್ಯಾಲಕ್ಸಿ ನಿಜಕ್ಕೂ ಹೇಗಿದೆ ಎಂದು ಇಣುಕಿ ನೋಡುವಂತಿಲ್ಲ. ಆದರೆ ಅದರ ಅಗತ್ಯವೂ ಬೀಳುವುದಿಲ್ಲ. ಗೊಂಚಲಿನ ನಡುಭಾಗದಲ್ಲಿ ಒಂದೇ ಗ್ಯಾಲಕ್ಸಿ ಎರಡು ಮೂರು ಕಡೆ ಕಾಣಿಸುತ್ತದೆ. ಆ ಬಿಂಬಗಳನ್ನು ಒಂದಕ್ಕೊಂದು ಹೋಲಿಸಿದರೆ ಸಾಕು. ಹೊರಭಾಗದಲ್ಲಿ ಅಂಥ ಅನುಕೂಲ ಇಲ್ಲ. ಅಲ್ಲಿ ಸಾವಿರಾರು ಗ್ಯಾಲಕ್ಸಿಗಳ ಆಕಾರ ಅಳೆದು ಸರಾಸರಿ ತೆಗೆಯುತ್ತಾರೆ. ಇವೆರಡೂ ಬೇರೆ ಬೇರೆ ಲೆಕ್ಕ. ಒಂದೊಂದಾಗಿ ನೋಡೋಣ.

ಮೊದಲು ಬೆಳಕು ಬಾಗುವ ವಿಷಯ. ಸೂರ್ಯನ ಅಂಚನ್ನು ಸವರಿಕೊಂಡು ಬರುವ ನಕ್ಷತ್ರದ ಬೆಳಕು 1.75 ಆರ್ಕ್‌ಸೆಕೆಂಡ್ ಬಾಗಬೇಕು ಎಂದು ಐನ್‌ಸ್ಟೈನ್ ಲೆಕ್ಕ ಹಾಕಿದ್ದರು. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್‌ಸೆಕೆಂಡ್. 1919ರ ಗ್ರಹಣದಲ್ಲಿ ಎಡಿಂಗ್ಟನ್ ಮತ್ತು ಸಂಗಡಿಗರು ಅಳೆದಾಗ ಉತ್ತರ ಹೆಚ್ಚುಕಮ್ಮಿ ಅದೇ ಬಂತು. ಎಷ್ಟು ಬಾಗುತ್ತದೆ ಎನ್ನುವುದು ಎರಡೇ ವಿಷಯಕ್ಕೆ ಬಿಟ್ಟದ್ದು: ಎದುರಿಗೆ ಎಷ್ಟು ದ್ರವ್ಯರಾಶಿ ಇದೆ, ಬೆಳಕು ಅದರಿಂದ ಎಷ್ಟು ದೂರದಲ್ಲಿ ಹಾದುಹೋಗುತ್ತಿದೆ. ಆ ದ್ರವ್ಯ ಹೊಳೆಯುತ್ತಿದೆಯೋ ಇಲ್ಲವೋ, ಬಿಸಿಯೋ ತಣ್ಣಗೋ, ಸುಮ್ನೆ ಕೂತಿದೆಯೋ ಓಡಾಡುತ್ತಿದೆಯೋ, ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಈ ವಿಧಾನಕ್ಕೆ ಇಷ್ಟು ಬೆಲೆ ಬಂದಿರುವುದೇ ಇದರಿಂದ.

ಯಾಕೆಂದರೆ ಬೇರೆ ದಾರಿಗಳಲ್ಲಿ ಏನಾದರೊಂದನ್ನು ನಂಬಿಕೊಂಡೇ ಹೊರಡಬೇಕು. 1933ರಲ್ಲಿ ಫ್ರಿಟ್ಸ್ ಜ್ವಿಕ್ಕಿ ಕೋಮಾ ಗೊಂಚಲಿನ ಗ್ಯಾಲಕ್ಸಿಗಳ ವೇಗ ನೋಡಿದರು. ಕಣ್ಣಿಗೆ ಕಾಣುವ ದ್ರವ್ಯದ ಹಿಡಿತಕ್ಕೆ ಸಿಗದಷ್ಟು ಜೋರಾಗಿ ಅವು ಓಡುತ್ತಿದ್ದವು. ಕಾಣದ ದ್ರವ್ಯ, ಈಗ ನಾವು ಡಾರ್ಕ್ ಮ್ಯಾಟರ್ ಎನ್ನುವುದು, ಬಹಳಷ್ಟಿರಬೇಕು ಎಂದು ಅವರು ಹೇಳಿದರು. ಆದರೆ ಆ ಲೆಕ್ಕ ನಿಲ್ಲಬೇಕಾದರೆ ಗೊಂಚಲು ಸಮತೋಲನಕ್ಕೆ ಬಂದಿರಬೇಕು. ಎಕ್ಸ್-ರೇ ವಿಧಾನದ್ದೂ ಇದೇ ಕಥೆ. ಗೊಂಚಲಿನ ತುಂಬ ಕೋಟಿಗಟ್ಟಲೆ ಡಿಗ್ರಿ ಬಿಸಿಯ, ಎಕ್ಸ್-ರೇ ಸೂಸುವ ಅನಿಲ ಇರುತ್ತದೆ. ಅದರ ಒತ್ತಡವೂ ಗುರುತ್ವವೂ ಸರಿಸಮ ಇವೆ ಎಂದು ಇಟ್ಟುಕೊಂಡು ದ್ರವ್ಯರಾಶಿ ಕಂಡುಹಿಡಿಯುತ್ತಾರೆ. ಎರಡು ಗೊಂಚಲು ಈಗಷ್ಟೇ ಡಿಕ್ಕಿ ಹೊಡೆದಿದ್ದರೆ? ಅನಿಲ ಇನ್ನೂ ಅಲ್ಲಾಡುತ್ತಲೇ ಇರುತ್ತದೆ, ಲೆಕ್ಕವೂ ಅಲ್ಲಾಡುತ್ತದೆ.

ಕುತೂಹಲದ ಸಂಗತಿ ಎಂದರೆ, ಗ್ಯಾಲಕ್ಸಿಗಳನ್ನೇ ಮಸೂರವಾಗಿ ಬಳಸಬಹುದು ಎಂದು 1937ರಲ್ಲಿ ಹೇಳಿದ್ದೂ ಇದೇ ಜ್ವಿಕ್ಕಿ. ಅದರ ಹಿಂದಿನ ವರ್ಷವಷ್ಟೇ ಐನ್‌ಸ್ಟೈನ್, ಒಂದು ನಕ್ಷತ್ರ ಮಸೂರವಾಗಿ ಕೆಲಸ ಮಾಡುವುದನ್ನು ನೋಡುವ ಆಸೆ ಇಟ್ಟುಕೊಳ್ಳಬೇಡಿ ಎನ್ನುವ ಅರ್ಥದಲ್ಲಿ ಬರೆದಿದ್ದರು. ಜ್ವಿಕ್ಕಿ ನಕ್ಷತ್ರ ಬಿಟ್ಟು ದೊಡ್ಡದಕ್ಕೇ ಕೈಹಾಕಿದರು. ಅವರ ಮಾತು ಗೊಂಚಲುಗಳ ಮಟ್ಟದಲ್ಲಿ ನಿಜವಾಗಲು ಅರ್ಧ ಶತಮಾನ ಬೇಕಾಯಿತು. 1986–87ರ ಹೊತ್ತಿಗೆ ಫ್ರಾನ್ಸ್ ಮತ್ತು ಅಮೆರಿಕದ ತಂಡಗಳು ಏಬೆಲ್ 370 ಎಂಬ ಗೊಂಚಲಿನಲ್ಲಿ ಉದ್ದನೆಯ, ಬಿಲ್ಲಿನಂತೆ ಬಾಗಿದ ಬೆಳಕಿನ ಗೆರೆಯೊಂದನ್ನು ಗುರುತಿಸಿದವು. ಅದೇನು ಎಂಬುದಕ್ಕೆ ಹತ್ತು ಊಹೆ ಹುಟ್ಟಿಕೊಂಡವು. 1988ರಲ್ಲಿ ಅದರ ರೆಡ್‌ಶಿಫ್ಟ್ (ದೂರ ಹೆಚ್ಚಿದಂತೆ ಬೆಳಕು ಕೆಂಪಿನ ಕಡೆಗೆ ಸರಿಯುವ ಪ್ರಮಾಣ) ಅಳೆದಾಗ ಗೊಂಚಲಿನದ್ದು ಸುಮಾರು 0.37, ಬಿಲ್ಲಿನದ್ದು ಸುಮಾರು 0.72 ಎಂದು ಬಂತು. ಅಂದರೆ ಬಿಲ್ಲು ಗೊಂಚಲಿನ ಒಳಗಿಲ್ಲ, ಅದರ ಬಹಳ ಹಿಂದೆ ಇದೆ. ಹಿಂದಿನ ಗ್ಯಾಲಕ್ಸಿಯೊಂದು ಎಳೆದು ಹಿಂಜಿದ ಹಾಗೆ ಕಾಣುತ್ತಿತ್ತು. ಚರ್ಚೆ ಅಲ್ಲಿಗೆ ಮುಗಿಯಿತು.

ಈಗ ತೂಕ ಹಾಕೋಣ. ಹಿಂದಿನ ಗ್ಯಾಲಕ್ಸಿ, ಗೊಂಚಲು, ನಾವು ಮೂರೂ ಒಂದೇ ಸಾಲಿನಲ್ಲಿದ್ದರೆ ಬೆಳಕು ಉಂಗುರದಂತೆ ಹರಡುತ್ತದೆ. ಇದಕ್ಕೆ ಐನ್‌ಸ್ಟೈನ್ ಉಂಗುರ ಎನ್ನುತ್ತಾರೆ. ಸಾಲು ಸ್ವಲ್ಪ ತಪ್ಪಿದರೆ ಪೂರ್ತಿ ಉಂಗುರದ ಬದಲು ಬಿಲ್ಲಿನ ತುಂಡುಗಳು ಸಿಗುತ್ತವೆ. ಉಂಗುರದ ಕೋನ ಗೊತ್ತು, ದೂರಗಳು ರೆಡ್‌ಶಿಫ್ಟ್‌ನಿಂದ ಗೊತ್ತು. ಉಂಗುರದ ಒಳಗಿನ ಒಟ್ಟು ದ್ರವ್ಯರಾಶಿಗೆ ಇಷ್ಟು ಸಾಕು. ಒಂದು ಉದಾಹರಣೆ ತೆಗೆದುಕೊಳ್ಳಿ. ಉಂಗುರದ ತ್ರಿಜ್ಯ 30 ಆರ್ಕ್‌ಸೆಕೆಂಡ್. ಗೊಂಚಲು ಸುಮಾರು 200 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ, ಹಿಂದಿನ ಗ್ಯಾಲಕ್ಸಿ ಅದಕ್ಕಿಂತ ಎಷ್ಟೋ ಆಚೆಗಿದೆ. ಲೆಕ್ಕ ಮಾಡಿದರೆ ಉಂಗುರದ ಒಳಗೆ ಸುಮಾರು ಒಂದು ಕೋಟಿ ಕೋಟಿ ಸೂರ್ಯರಷ್ಟು ದ್ರವ್ಯ ಬರುತ್ತದೆ. 1ರ ಮುಂದೆ 14 ಸೊನ್ನೆ. ದೂರಗಳು ಹಾಗೇ ಇದ್ದು ಉಂಗುರ ಎರಡು ಪಟ್ಟು ದೊಡ್ಡದಾಗಿದ್ದರೆ ದ್ರವ್ಯ ನಾಲ್ಕು ಪಟ್ಟು. ಕೋನದ ವರ್ಗಕ್ಕೆ ತಕ್ಕಂತೆ ಅದು ಏರುತ್ತದೆ. ಗಮನಿಸಿ, ಈ ಲೆಕ್ಕದಲ್ಲಿ ಹಿಂದಿನ ಗ್ಯಾಲಕ್ಸಿಯ ಆಕಾರ ಎಲ್ಲೂ ಬರಲಿಲ್ಲ. ಅದು ದುಂಡಗಿತ್ತೋ ಚಪ್ಪಟೆಯಾಗಿತ್ತೋ ಕೇಳಲೇ ಇಲ್ಲ, ಅಲ್ವಾ?

ಇಂಥ ಬಿಲ್ಲು ಮೂಡಲು ಭಾರಿ ದಟ್ಟಣೆ ಬೇಕೇನೋ ಎಂದು ಅನಿಸಬಹುದು. ಮೇಲಿನ ಉದಾಹರಣೆಯ ಗೊಂಚಲನ್ನು ಒಂದು ಹಾಳೆಯಂತೆ ಚಪ್ಪಟೆ ಮಾಡಿದರೆ ಪ್ರತಿ ಚದರ ಮೀಟರಿಗೆ ಬೇಕಾಗುವುದು ಆರೇಳು ಕೆಜಿ ಆಸುಪಾಸು ಮಾತ್ರ! ಆದರೆ ಆ ಹಾಳೆ ಲಕ್ಷಗಟ್ಟಲೆ ಜ್ಯೋತಿರ್ವರ್ಷ ಅಗಲ ಇರುತ್ತದೆ. ಆದ್ದರಿಂದಲೇ ಒಟ್ಟು ಮೊತ್ತ ಕೋಟಿ ಕೋಟಿ ಸೂರ್ಯರಿಗೆ ಮುಟ್ಟುತ್ತದೆ.

ನಿಜವಾದ ಗೊಂಚಲು ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ. ದ್ರವ್ಯ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ. ಇಲ್ಲಿ ಕೆಲಸಕ್ಕೆ ಬರುವುದು ಹಲವು ಬಿಂಬಗಳು. ಒಂದೇ ಬಣ್ಣ, ಒಂದೇ ರೆಡ್‌ಶಿಫ್ಟ್, ಒಳಗೆ ಅದೇ ಪ್ರಕಾಶದ ಚುಕ್ಕೆಗಳಿರುವ ಮೂರು ಬಿಂಬ ಸಿಕ್ಕರೆ ಅವು ಮೂರೂ ಒಂದೇ ಗ್ಯಾಲಕ್ಸಿಯವು. ಕಂಪ್ಯೂಟರಿನಲ್ಲಿ ದ್ರವ್ಯವನ್ನು ಒಂದು ರೀತಿ ಹಂಚಿ, ಮೂರು ಬಿಂಬಗಳ ಬೆಳಕನ್ನೂ ಹಿಂದಕ್ಕೆ ಓಡಿಸುತ್ತಾರೆ. ಮೂರೂ ಒಂದೇ ಜಾಗಕ್ಕೆ ಬಂದು ಸೇರಬೇಕು. ಸೇರದಿದ್ದರೆ ಹಂಚಿಕೆ ತಪ್ಪು. ಬದಲಿಸಿ ಮತ್ತೆ ಓಡಿಸುತ್ತಾರೆ. ಇಂಥ ಹತ್ತಾರು ಗ್ಯಾಲಕ್ಸಿಗಳು ಸಿಕ್ಕಿದರೆ ನಕ್ಷೆ ತುಂಬ ಬಿಗಿಯಾಗುತ್ತದೆ. ಹಬಲ್ ದೂರದರ್ಶಕ ಫ್ರಂಟಿಯರ್ ಫೀಲ್ಡ್ಸ್ ಹೆಸರಿನಲ್ಲಿ ಆರು ಗೊಂಚಲುಗಳನ್ನು ಬಹಳ ಹೊತ್ತು ನೋಡಿದ್ದರ ಹಿಂದೆ ಈ ಆಸೆಯೂ ಇತ್ತು. ಆ ಆರರಲ್ಲಿ ಏಬೆಲ್ 370 ಕೂಡ ಒಂದು.

ಇಂಥ ನಕ್ಷೆ ಸರಿಯೋ ತಪ್ಪೋ ಎಂದು ಪರೀಕ್ಷೆ ಮಾಡುವ ಅವಕಾಶವೂ ಒಮ್ಮೆ ಸಿಕ್ಕಿತು. ನನಗೆ ಈ ಕ್ಷೇತ್ರದಲ್ಲಿ ಎಲ್ಲಕ್ಕಿಂತ ಇಷ್ಟವಾದ ಘಟನೆ ಇದು. 2014ರ ನವೆಂಬರ್‌ನಲ್ಲಿ ಮ್ಯಾಕ್ಸ್ ಜೆ1149 ಎಂಬ ಗೊಂಚಲಿನ ಹಿಂದೆ ಒಂದು ಸೂಪರ್‌ನೋವಾ, ಅಂದರೆ ಸ್ಫೋಟಿಸಿದ ನಕ್ಷತ್ರ, ನಾಲ್ಕು ಚುಕ್ಕೆಯಾಗಿ ಕಾಣಿಸಿತು. ಅದಕ್ಕೆ ರೆಫ್ಸ್‌ಡಾಲ್ ಎಂದು ಹೆಸರಿಟ್ಟರು. ಮಸೂರದಲ್ಲಿ ಸೂಪರ್‌ನೋವಾದ ಬಿಂಬಗಳು ಬೇರೆ ಬೇರೆ ಹೊತ್ತಿಗೆ ಬರುವುದನ್ನು ಬಳಸಿಕೊಳ್ಳಬಹುದು ಎಂದು 1964ರಲ್ಲೇ ಹೇಳಿದ ನಾರ್ವೆಯ ವಿಜ್ಞಾನಿಯ ಹೆಸರು ಅದು. ಸೂಪರ್‌ನೋವಾ ಇರುವ ಗ್ಯಾಲಕ್ಸಿ ಗೊಂಚಲಿನ ಸುತ್ತ ಬೇರೆ ಕಡೆಯೂ ಕಾಣುತ್ತಿತ್ತು. ಅಂದರೆ ಅದೇ ಸ್ಫೋಟ ಇನ್ನೊಂದು ಜಾಗದಲ್ಲೂ ಕಾಣಬೇಕು, ಆದರೆ ತಡವಾಗಿ. ಆ ದಾರಿಯಲ್ಲಿ ಬರುವ ಬೆಳಕು ಸುತ್ತಿ ಬಳಸಿ ಬರುತ್ತದೆ, ಗುರುತ್ವದಿಂದಲೂ ತಡವಾಗುತ್ತದೆ. ಎಷ್ಟು ತಡ? ಹಲವು ತಂಡಗಳು ತಮ್ಮ ತಮ್ಮ ನಕ್ಷೆಯಿಂದ ಲೆಕ್ಕ ಹಾಕಿ ಮೊದಲೇ ಪ್ರಕಟಿಸಿದವು. 2015ರ ಡಿಸೆಂಬರ್ 11ರಂದು ಹಬಲ್ ತೆಗೆದ ಚಿತ್ರದಲ್ಲಿ, ಹೇಳಿದ ಜಾಗದಲ್ಲೇ ಆ ಚುಕ್ಕೆ ಇತ್ತು. ಶತಕೋಟಿ ವರ್ಷ ಪ್ರಯಾಣ ಮಾಡಿದ ಬೆಳಕು ಮುಂದಿನ ವರ್ಷ ಇಂಥ ಕಡೆ ಬರುತ್ತದೆ ಎಂದು ಮುಂಚಿತವಾಗಿ ಹೇಳಿ ಗೆಲ್ಲುವುದು ಸಣ್ಣ ಮಾತಲ್ಲ.

ಬಿಲ್ಲುಗಳು, ಹಲವು ಬಿಂಬಗಳು ಎಲ್ಲ ಸಿಗುವುದು ಗೊಂಚಲಿನ ನಡುಭಾಗದಲ್ಲಿ. ಆದರೆ ದ್ರವ್ಯದ ಬಹುಪಾಲು ಹೊರಗೆ ಹರಡಿಕೊಂಡಿರುತ್ತದೆ. ಅಲ್ಲಿ ಮಸೂರದ ಶಕ್ತಿ ಕಡಿಮೆ. ಹಿಂದಿನ ಗ್ಯಾಲಕ್ಸಿ ಒಂದು ಚೂರು ಮಾತ್ರ ಉದ್ದವಾಗುತ್ತದೆ. ನಿಮ್ಮ ಪ್ರಶ್ನೆ ನಿಜಕ್ಕೂ ಚುಚ್ಚುವುದು ಇಲ್ಲಿ.

ಬೆಂಕಿಕಡ್ಡಿಗಳನ್ನು ನೆಲದ ಮೇಲೆ ಚೆಲ್ಲಿ ನೋಡಿ. ಒಂದೊಂದೂ ಒಂದೊಂದು ದಿಕ್ಕಿಗೆ ಬಿದ್ದಿರುತ್ತದೆ. ಯಾವ ಕಡ್ಡಿ ಯಾವ ದಿಕ್ಕಿಗೆ ಎಂದು ಮೊದಲೇ ಹೇಳಲಾಗದು, ಆದರೆ ಎಲ್ಲ ಸೇರಿಸಿದರೆ ಯಾವ ದಿಕ್ಕಿಗೂ ಒಲವು ಇರುವುದಿಲ್ಲ. ಕಡ್ಡಿಗಳೆಲ್ಲ ಒಂದು ಬಿಂದುವಿನ ಸುತ್ತ ಬಳೆಯಂತೆ ಸುತ್ತುವರಿದು ಬಿದ್ದಿದ್ದರೆ ಯಾರೋ ಕೈಯಾಡಿಸಿದ್ದಾರೆ ಎಂದೇ ಅರ್ಥ. ಗ್ಯಾಲಕ್ಸಿಗಳ ವಿಷಯದಲ್ಲೂ ನಮಗೆ ಬೇಕಾದ ನಂಬಿಕೆ ಇಷ್ಟೇ: ದೂರದ ಗ್ಯಾಲಕ್ಸಿಗಳಿಗೆ ನಡುವಿನ ಗೊಂಚಲು ಎಲ್ಲಿದೆ ಎಂದು ಗೊತ್ತಿಲ್ಲ. ಹಾಗಾಗಿ ಅವುಗಳ ಸಹಜ ಓಲು ಯಾವ ದಿಕ್ಕಿಗೂ ಇರಬಹುದು. ಸರಾಸರಿ ತೆಗೆದಾಗ ಅದು ಅಳಿಸಿಹೋಗುತ್ತದೆ, ಮಸೂರ ಮಾಡಿದ ಓಲು ಮಾತ್ರ ಉಳಿಯುತ್ತದೆ.

ಎಷ್ಟು ಗ್ಯಾಲಕ್ಸಿ ಬೇಕು? ಪೂರ್ತಿ ದುಂಡಗಿದ್ದರೆ ಸೊಟ್ಟು ಸೊನ್ನೆ. ಒಂದು ಗ್ಯಾಲಕ್ಸಿಯ ಸಹಜ ಸೊಟ್ಟು ಸುಮಾರು 0.3 ಎಂದಿಟ್ಟುಕೊಳ್ಳಿ. ಗೊಂಚಲು ಸೇರಿಸುವ ಸೊಟ್ಟು 0.05. ಒಂದನ್ನೇ ನೋಡಿದರೆ ಏನೂ ತಿಳಿಯದು. ನೂರರ ಸರಾಸರಿ ತೆಗೆದರೆ ಸಹಜ ಸೊಟ್ಟಿನ ಗದ್ದಲ ಹತ್ತರಲ್ಲೊಂದು ಪಾಲಾಗಿ 0.03ಕ್ಕೆ ಇಳಿಯುತ್ತದೆ. 900 ಸಿಕ್ಕಿದರೆ 0.01. ಆಗ 0.05 ಎದ್ದು ಕಾಣುತ್ತದೆ. ಟೈಸನ್, ವಾಲ್ಡೆಸ್, ವೆಂಕ್ 1990ರಲ್ಲಿ ಏಬೆಲ್ 1689 ಮತ್ತು ಇನ್ನೊಂದು ಗೊಂಚಲಿನ ಸುತ್ತ ಹೀಗೆ ಕಂಡುಹಿಡಿದರು. 1993ರಲ್ಲಿ ಕೈಸರ್ ಮತ್ತು ಸ್ಕ್ವೈರ್ಸ್, ಈ ಓಲುಗಳಿಂದ ನೇರವಾಗಿ ದ್ರವ್ಯದ ನಕ್ಷೆ ಬಿಡಿಸುವ ಗಣಿತ ಕೊಟ್ಟರು.

ಹೇಳುವುದು ಸುಲಭ, ಮಾಡುವುದು ತಲೆನೋವು. ದೂರದರ್ಶಕವೂ ವಾತಾವರಣವೂ ತಾವಾಗಿಯೇ ಚಿತ್ರವನ್ನು ಒಂದಿಷ್ಟು ಸೊಟ್ಟ ಮಾಡುತ್ತವೆ. ಅದಕ್ಕೆ ಅದೇ ಚಿತ್ರದಲ್ಲಿರುವ ನಮ್ಮ ಗ್ಯಾಲಕ್ಸಿಯ ನಕ್ಷತ್ರಗಳನ್ನು ನೋಡುತ್ತಾರೆ. ಅವು ಬರೀ ಚುಕ್ಕೆಗಳಾಗಿರಬೇಕು. ಅವೂ ಸೊಟ್ಟಗೆ ಕಂಡರೆ ತಪ್ಪು ಕ್ಯಾಮೆರಾದ್ದು, ಅಷ್ಟನ್ನು ಕಳೆಯಬೇಕು. ಇನ್ನೊಂದು ಜಾಣ ಪರೀಕ್ಷೆ ಇದೆ. ಗುರುತ್ವ ಗ್ಯಾಲಕ್ಸಿಗಳನ್ನು ಗೊಂಚಲಿನ ಸುತ್ತ ಬಳೆಯಂತೆ ಎಳೆಯಬಲ್ಲದು. ಎಲ್ಲವನ್ನೂ ಒಂದೇ ಕಡೆಗೆ 45 ಡಿಗ್ರಿ ಓರೆಯಾಗಿ ಸುರುಳಿಯಂತೆ ತಿರುಗಿಸಲಾರದು. ಅಂಥ ಸುರುಳಿಯ ಓಲನ್ನೂ ಅಳೆಯುತ್ತಾರೆ. ಸೊನ್ನೆ ಬಂದರೆ ಸರಿ. ಬರದಿದ್ದರೆ ಎಲ್ಲೋ ಎಡವಟ್ಟಾಗಿದೆ. ಗೊಂಚಲಿನದ್ದೇ ಗ್ಯಾಲಕ್ಸಿಗಳು ಪಟ್ಟಿಯಲ್ಲಿ ನುಸುಳಿದರೂ ಕಷ್ಟ. ಅವುಗಳ ಬೆಳಕು ಬಾಗಿರುವುದಿಲ್ಲ, ಹಾಗಾಗಿ ಸರಾಸರಿ ಇಳಿಯುತ್ತದೆ, ತೂಕ ಕಮ್ಮಿ ಬರುತ್ತದೆ. ಹಿಂದಿರುವವು ಯಾವುವು ಎಂದು ಬಣ್ಣಗಳಿಂದ ದೂರ ಅಂದಾಜು ಮಾಡಿ ಆರಿಸುತ್ತಾರೆ.

ಇಷ್ಟಾದ ಮೇಲೂ ಒಂದು ತೊಡಕು ಉಳಿಯುತ್ತದೆ. ಆಕಾಶದ ಆ ಭಾಗಕ್ಕೆಲ್ಲ ಒಂದೇ ಸಮನಾಗಿ ದ್ರವ್ಯದ ತೆಳು ಹಾಳೆ ಹಾಸಿ, ಉಳಿದದ್ದನ್ನು ಅದಕ್ಕೆ ತಕ್ಕಂತೆ ಕಡಿಮೆ ಮಾಡಿದರೆ, ಗ್ಯಾಲಕ್ಸಿಗಳ ಆಕಾರ ಹಾಗೇ ಇರುತ್ತದೆ. ಆಕಾರ ಒಂದನ್ನೇ ನೋಡಿದರೆ ಈ ಹಾಳೆ ಇದೆಯೋ ಇಲ್ಲವೋ ಗೊತ್ತಾಗದು. ಬೇರೆ ಬೇರೆ ದೂರದ ಗ್ಯಾಲಕ್ಸಿಗಳನ್ನು ಒಟ್ಟಿಗೆ ನೋಡಿದರೆ, ಅಥವಾ ಅವು ಎಷ್ಟು ದೊಡ್ಡದಾಗಿ, ಪ್ರಕಾಶವಾಗಿ ಕಾಣುತ್ತಿವೆ ಎಂದೂ ಅಳೆದರೆ ಬಿಡಿಸಬಹುದು.

ಮಸೂರ ಬೆಳಕಿನ ದಾರಿಯಲ್ಲಿ ಬರುವ ಎಲ್ಲ ದ್ರವ್ಯವನ್ನೂ ಕೂಡಿಸಿ ಹೇಳುತ್ತದೆ. ಗೊಂಚಲು ಉದ್ದವಾಗಿದ್ದು, ಅದರ ತುದಿ ನಮ್ಮ ಕಡೆಗೆ ಮುಖ ಮಾಡಿದ್ದರೆ ತೂಕ ನಿಜಕ್ಕಿಂತ ಜಾಸ್ತಿ ಬರುತ್ತದೆ. ಅಡ್ಡಕ್ಕೆ ಮಲಗಿದ್ದರೆ ಕಮ್ಮಿ. ಒಂದೊಂದು ಗೊಂಚಲಿನ ಒಟ್ಟು ತೂಕದಲ್ಲಿ ಶೇ 20–30ರಷ್ಟು ಏರುಪೇರು ಸಾಮಾನ್ಯ. ಬಹಳ ಗೊಂಚಲುಗಳನ್ನು ಸೇರಿಸಿದಾಗ ಮಾತ್ರ ಇದು ಸಮವಾಗುತ್ತದೆ.

ಹೀಗೆ ಬಹಳ ಗೊಂಚಲುಗಳನ್ನು ಸೇರಿಸಿ ತೂಗುವುದು ಉಪಯೋಗಕ್ಕೆ ಬಂದದ್ದು ಪ್ಲಾಂಕ್ ಉಪಗ್ರಹದ ಪ್ರಸಂಗದಲ್ಲಿ. 2013ರಲ್ಲಿ ಪ್ಲಾಂಕ್ ತಂಡ ಎಣಿಸಿದ ಭಾರಿ ಗೊಂಚಲುಗಳ ಸಂಖ್ಯೆ, ಬ್ರಹ್ಮಾಂಡದ ಆದಿಯ ಬೆಳಕಿನಿಂದ ನಿರೀಕ್ಷಿಸಿದ್ದಕ್ಕಿಂತ ಕಡಿಮೆ ಇತ್ತು. ಅವರು ಗೊಂಚಲುಗಳ ತೂಕಕ್ಕೆ ನೆಚ್ಚಿಕೊಂಡಿದ್ದು ಎಕ್ಸ್-ರೇ ಲೆಕ್ಕವನ್ನು. ತೂಕವೇ ಕಮ್ಮಿ ತೋರಿದರೆ ಭಾರಿ ಗೊಂಚಲುಗಳೂ ಕಮ್ಮಿ ಎನಿಸುತ್ತವೆ. ಆ ಲೆಕ್ಕ ಶೇ 20ರಷ್ಟು ಕಡಿಮೆ ತೋರಿಸುತ್ತಿರಬಹುದು ಎಂದು ಅವರೇ ರಿಯಾಯಿತಿ ಇಟ್ಟಿದ್ದರು. ಮಸೂರದಿಂದ ತೂಕ ಹಾಕಿದ ಒಂದು ತಂಡ 2014ರಲ್ಲಿ ಕೊರತೆ ಶೇ 30ರ ಹತ್ತಿರ ಎಂದಿತು. ಇನ್ನೊಂದು ತಂಡ 2015ರಲ್ಲಿ ಸುಮಾರು ಶೇ 24 ಎಂದಿತು. ಇದರಿಂದ ಅಂತರ ಒಂದಿಷ್ಟು ತುಂಬಿತು, ಪೂರ್ತಿ ಅಲ್ಲ. ಪೂರ್ತಿ ತುಂಬಬೇಕಾದರೆ ಕೊರತೆ ಶೇ 40ರ ಆಸುಪಾಸು ಇರಬೇಕಿತ್ತು. 2023ರ ಜುಲೈನಲ್ಲಿ ಹಾರಿದ ಯೂಕ್ಲಿಡ್ ದೂರದರ್ಶಕ ಈಗ ಆಕಾಶದ ಮೂರನೇ ಒಂದು ಭಾಗದಲ್ಲಿ ನೂರು ಕೋಟಿಗೂ ಹೆಚ್ಚು ಗ್ಯಾಲಕ್ಸಿಗಳ ಆಕಾರ ಅಳೆಯಲು ಹೊರಟಿದೆ. ಅವುಗಳಲ್ಲಿ ಒಂದರ ಅಸಲಿ ಆಕಾರವೂ ಯಾರಿಗೂ ಗೊತ್ತಿಲ್ಲ.