ಗೇರ್‌ಬಾಕ್ಸ್ ಆಯಿಲ್ ಟಿಪ್ಪಣಿ: ಆಟೋಮ್ಯಾಟಿಕ್‌ನಲ್ಲಿ ಲೆವೆಲ್ ನೋಡುವುದು ಹೇಗೆ?

ಮ್ಯಾನ್ಯುವಲ್ (ಬೇಗ ಮುಗಿಸೋಣ)

ಸಣ್ಣ ಕಾರಿನ ಮ್ಯಾನ್ಯುವಲ್ ಗೇರ್‌ಬಾಕ್ಸ್‌ಗೆ ಸುಮಾರು 2 ಲೀಟರ್ ಆಯಿಲ್ ಹಿಡಿಯುತ್ತದೆ. ಪಕ್ಕದಲ್ಲಿ ಫಿಲ್ಲರ್ ಪ್ಲಗ್, ಕೆಳಗೆ ಡ್ರೈನ್ ಪ್ಲಗ್. ಮೊದಲು ಬಿಚ್ಚಬೇಕಾದದ್ದು ಫಿಲ್ಲರ್. ಅದು ಜಾಮ್ ಆಗಿದ್ದರೆ, ಹಳೇ ಆಯಿಲ್ ಸುರಿದ ಮೇಲೆ ಹೊಸದು ಹಾಕಲು ದಾರಿಯೇ ಇರುವುದಿಲ್ಲ. ಗಾಡಿ ಸಮತಟ್ಟಾಗಿ ನಿಂತಿರಲಿ. ಸಾಮಾನ್ಯವಾಗಿ ಫಿಲ್ಲರ್ ತೂತಿನ ಅಂಚಿನಿಂದ ಆಯಿಲ್ ಜಿನುಗಿದರೆ ಲೆವೆಲ್ ಸರಿ.

ಡಬ್ಬದ ಮೇಲೆ ಜಿಎಲ್-4, ಜಿಎಲ್-5 ಅಂತ ಗೇರ್ ಆಯಿಲ್‌ನ ದರ್ಜೆ ಇರುತ್ತದೆ. 5 ಅಂದರೆ ಇನ್ನೂ ಒಳ್ಳೆಯದು ಅಂತಲ್ಲ. ಅದರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ. ಕೆಲವು ಜಿಎಲ್-5 ಆಯಿಲ್ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗ್‌ಗಳನ್ನು (ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಬಳೆಗಳು) ತಿನ್ನುತ್ತದೆ. ಗಾಡಿಯ ಜೊತೆ ಬಂದ ಪುಸ್ತಕ ಜಿಎಲ್-4 ಅಂದರೆ ಅದನ್ನೇ ಹಾಕಿ.

ಆಟೋಮ್ಯಾಟಿಕ್‌ನ ಲೆವೆಲ್ (ಇಲ್ಲೇ ತಲೆ ಕೆಟ್ಟಿದ್ದು)

ಎಂಜಿನ್ ಆಯಿಲ್ ನೋಡಿ ಅಭ್ಯಾಸವಾದವರಿಗೆ ಇಲ್ಲಿ ಎಲ್ಲ ಉಲ್ಟಾ. ಅಲ್ಲಿ ಎಂಜಿನ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ಎಳೆಯುತ್ತೇವೆ. ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಹೆಚ್ಚಿನ ಆಟೋಮ್ಯಾಟಿಕ್‌ಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ನೋಡಬೇಕು. ಯಾಕೆ?

ಎಂಜಿನ್ ಓಡಿದರೆ ಒಳಗಿನ ಪಂಪೂ ಓಡುತ್ತದೆ. ಅದು ಪ್ಯಾನ್‌ನಿಂದ (ಗೇರ್‌ಬಾಕ್ಸ್‌ನ ತಳದ ತಟ್ಟೆ) ಎಟಿಎಫ್, ಅಂದರೆ ಆಟೋಮ್ಯಾಟಿಕ್‌ನ ಆಯಿಲ್, ಎಳೆದು ಕನ್ವರ್ಟರ್, ವಾಲ್ವ್ ಬಾಡಿ (ಎಣ್ಣೆಯನ್ನು ಬೇಕಾದ ಕಡೆ ತಿರುಗಿಸುವ ಭಾಗ), ಕೂಲರ್ ಪೈಪ್ ಎಲ್ಲವನ್ನೂ ತುಂಬಿಸುತ್ತದೆ. ಆಗ ಪ್ಯಾನ್‌ನಲ್ಲಿ ಲೆವೆಲ್ ಇಳಿಯುತ್ತದೆ. ಕಂಪನಿ ಗುರುತು ಹಾಕಿರುವುದು ಈ ಇಳಿದ ಲೆವೆಲ್‌ಗೆ. ಎಂಜಿನ್ ನಿಲ್ಲಿಸಿದರೆ ಒಂದಷ್ಟು ಎಟಿಎಫ್ ವಾಪಸ್ ಪ್ಯಾನ್‌ಗೆ ಬರುತ್ತದೆ. ಕಡಿಮೆ ಇದ್ದರೂ ಭರ್ತಿ ಇದ್ದಂತೆ ಕಾಣುತ್ತದೆ. ಹಳೇ ಹೋಂಡಾ ಆಟೋಮ್ಯಾಟಿಕ್‌ಗಳು ಇದಕ್ಕೆ ಹೊರತು: ಅಲ್ಲಿ ಬಿಸಿಯಾದ ಎಂಜಿನ್ ಆಫ್ ಮಾಡಿ, ಒಂದೆರಡು ನಿಮಿಷದೊಳಗೆ ನೋಡುವುದು. ಅದಕ್ಕೇ ಗಾಡಿಯ ಪುಸ್ತಕ ತೆರೆಯದೆ ಕೈ ಹಾಕಬಾರದು.

ಎರಡನೆಯದು ಬಿಸಿ. ಎಟಿಎಫ್ ಕಾದರೆ ಉಬ್ಬುತ್ತದೆ. 20 ಡಿಗ್ರಿಯಿಂದ 80ಕ್ಕೆ ಏರಿದರೆ 8 ಲೀಟರ್‌ಗೆ ಹೆಚ್ಚುಕಡಿಮೆ 300 ಮಿಲಿ ವ್ಯತ್ಯಾಸ. ಡಿಪ್‌ಸ್ಟಿಕ್‌ನಲ್ಲಿ ಕೋಲ್ಡ್, ಹಾಟ್ ಅಂತ ಎರಡು ಗುರುತು ಇರುವುದು ಇದಕ್ಕೇ.

ಈಗ ಡಿಪ್‌ಸ್ಟಿಕ್ಕೇ ಇಲ್ಲದ ಗಾಡಿಗಳು ಜಾಸ್ತಿ. ಅನೇಕ ಗಾಡಿಗಳಲ್ಲಿ ಪ್ಯಾನ್ ಒಳಗೆ ಒಂದು ಸಣ್ಣ ಕೊಳವೆ ನೆಟ್ಟಗೆ ನಿಂತಿರುತ್ತದೆ, ಅದರ ಮೇಲ್ತುದಿಯೇ ಸರಿಯಾದ ಲೆವೆಲ್, ಬುಡಕ್ಕೆ ಚೆಕ್ ಪ್ಲಗ್. ಬ್ರೇಕ್ ತುಳಿದು ಗೇರ್ ಲಿವರನ್ನು ಪಿ, ಆರ್, ಎನ್, ಡಿ ಎಲ್ಲದರಲ್ಲೂ ಕೆಲವು ಸೆಕೆಂಡ್ ಇಟ್ಟು ಪಿ-ಗೆ ತನ್ನಿ. ಸ್ಕ್ಯಾನರ್‌ನಲ್ಲಿ (ಗಾಡಿಯ ಕಂಪ್ಯೂಟರ್ ಓದುವ ಸಾಧನ) ಎಟಿಎಫ್ ಬಿಸಿ ನೋಡುತ್ತಿರಿ. ಕಂಪನಿ ಹೇಳಿದ ಮಟ್ಟಕ್ಕೆ (ಎಷ್ಟೋ ಗಾಡಿಗಳಲ್ಲಿ 40 ಡಿಗ್ರಿಯ ಆಸುಪಾಸು) ಬಂದಾಗ, ಎಂಜಿನ್ ಓಡುತ್ತಿರುವಂತೆಯೇ ಪ್ಲಗ್ ಬಿಚ್ಚಿ. ಧಾರೆಯಾಗಿ ಬಂದರೆ ಹೆಚ್ಚಾಗಿದೆ, ತೊಟ್ಟಿಕ್ಕುವವರೆಗೆ ಬಿಡಿ. ಏನೂ ಬರದಿದ್ದರೆ ಕಡಿಮೆ, ತುಂಬಿ. ಗಾಡಿ ಬರೀ ಜಾಕ್ ಮೇಲೆ ಬೇಡ, ಸ್ಟ್ಯಾಂಡ್ ಮೇಲೆ ನಾಲ್ಕೂ ಕಡೆ ಸಮವಾಗಿರಲಿ.

ನಾನು ಪುಸ್ತಕದಲ್ಲಿ ಬರೆದುಕೊಂಡ ಸೂತ್ರ:
ತುಂಬಾ ಬಿಸಿಯಲ್ಲಿ ಬಿಚ್ಚಿದರೆ → ಉಬ್ಬಿದ್ದೆಲ್ಲ ಹೊರಗೆ → ಕೊನೆಗೆ ಕಡಿಮೆ.
ತಣ್ಣಗಿದ್ದಾಗ ಸರಿಮಾಡಿದರೆ → ಆಮೇಲೆ ಉಬ್ಬುತ್ತದೆ → ಕೊನೆಗೆ ಜಾಸ್ತಿ.
ಎಂಜಿನ್ ಆಫ್ ಮಾಡಿ ಬಿಚ್ಚಿದರೆ → ವಾಪಸ್ ಬಂದದ್ದೂ ಸೋರುತ್ತದೆ → ಕೊನೆಗೆ ಕಡಿಮೆ.

ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ. ಜಾಸ್ತಿಯಾದರೆ ತಿರುಗುವ ಭಾಗಗಳು ಎಟಿಎಫನ್ನು ಮಜ್ಜಿಗೆ ಕಡೆದ ಹಾಗೆ ನೊರೆ ಮಾಡುತ್ತವೆ, ಆಗಲೂ ಪಂಪ್‌ಗೆ ಸಿಗುವುದು ಗಾಳಿಯೇ. ಎರಡರಲ್ಲೂ ಪ್ರೆಷರ್ ಬಿದ್ದು ಗೇರ್ ಜಾರುತ್ತದೆ. ಲಕ್ಷಣ ಒಂದೇ ಆದ್ದರಿಂದ ಸುಮ್ನೆ ಊಹೆ ಮಾಡಿ ಇನ್ನಷ್ಟು ಸುರಿಯುವುದು ಅಪಾಯ.

ಒಂದು ಸಲ ಹಳೇದು ಹೊರಬಿಟ್ಟು ತುಂಬಿದರೆ ಎಷ್ಟು ಹೊಸದು?

ಪೂರ್ತಿ ಬದಲಾಗುವುದಿಲ್ಲ. ಕನ್ವರ್ಟರ್ ಒಳಗಿನದು ಅಲ್ಲೇ ಉಳಿಯುತ್ತದೆ. ಒಟ್ಟು 8 ಲೀಟರ್‌ನಲ್ಲಿ 3 ಹೊರಬಂದರೆ ಹಳೇದು ಉಳಿದದ್ದು 5/8. ಇನ್ನೊಮ್ಮೆ ಮಾಡಿದರೆ 5/8 × 5/8, ಅಂದರೆ ಶೇ. 39. ಮೂರನೇ ಸಲಕ್ಕೆ ಶೇ. 24. ನಾಲ್ಕನೆಯದರಿಂದ ಸಿಗುವ ಲಾಭ ಬರೀ ಶೇ. 9, ಖರ್ಚು ಮಾತ್ರ ಹಿಂದಿನ ಸಲದಷ್ಟೇ. ಎರಡು ಮೂರು ಸಲ, ನಡುವೆ ಒಂದಷ್ಟು ಓಡಿಸಿ, ಮಾಡಿದರೆ ಸಾಕು ಅಂತ ನನಗನಿಸುತ್ತದೆ.

ಬಣ್ಣ

ಹೊಸ ಎಟಿಎಫ್ ಹೆಚ್ಚಾಗಿ ಕೆಂಪು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಗೇರ್‌ಬಾಕ್ಸ್ ಒಳಗಿನ ಕ್ಲಚ್ ಪ್ಲೇಟ್ ಸವೆದಿರಬಹುದು. ಸ್ಟ್ರಾಬೆರಿ ಮಿಲ್ಕ್‌ಶೇಕ್ ಬಣ್ಣ ಅಂದರೆ ಕೂಲಂಟ್ ಅಥವಾ ನೀರು ಸೇರಿದೆ, ಓಡಿಸಲೇಬೇಡಿ. ಪ್ಯಾನ್‌ನಲ್ಲಿರುವ ಮ್ಯಾಗ್ನೆಟ್‌ಗೆ ಬೂದು ಪೇಸ್ಟ್ ಅಂಟಿದ್ದರೆ ಸಹಜ, ಲೋಹದ ಚೂರುಗಳಿದ್ದರೆ ಅಲ್ಲ.

ಉಳಿದವು

ಸಿವಿಟಿಗೆ (ಗೇರ್ ಬದಲು ಬೆಲ್ಟ್, ಪುಲ್ಲಿ ಇರುವ ಆಟೋಮ್ಯಾಟಿಕ್) ಸಿವಿಟಿ ಫ್ಲೂಯಿಡ್ಡೇ ಬೇಕು. ಅಲ್ಲಿ ಸ್ಟೀಲ್ ಬೆಲ್ಟ್ ಪುಲ್ಲಿಯನ್ನು ಜಾರದೆ ಹಿಡಿಯಬೇಕು, ಎಟಿಎಫ್ ಅದಕ್ಕಾಗಿ ಮಾಡಿದ್ದಲ್ಲ. ಫೋಕ್ಸ್‌ವ್ಯಾಗನ್‌ನ 6 ಸ್ಪೀಡ್ ವೆಟ್ ಕ್ಲಚ್ ಡಿಎಸ್‌ಜಿಗೆ (ಆಯಿಲ್‌ನಲ್ಲಿ ಮುಳುಗಿದ ಎರಡು ಕ್ಲಚ್‌ಗಳ ಆಟೋಮ್ಯಾಟಿಕ್) 60,000 ಕಿ.ಮೀ.ಗೊಮ್ಮೆ ಆಯಿಲ್, ಫಿಲ್ಟರ್. ಎಎಂಟಿ (ಕ್ಲಚ್, ಗೇರ್ ಎರಡನ್ನೂ ಯಂತ್ರವೇ ನಡೆಸುವಂಥದ್ದು) ಒಳಗಿರುವುದು ಮ್ಯಾನ್ಯುವಲ್ ಗೇರ್‌ಬಾಕ್ಸೇ, ಗೇರ್ ಆಯಿಲ್ ಹಾಕುವುದೂ ಹಾಗೇ. ಗೇರ್ ಬದಲಿಸುವ ಆಕ್ಚುಯೇಟರ್ ಹೈಡ್ರಾಲಿಕ್ ಆಗಿದ್ದರೆ ಅದರ ಎಣ್ಣೆಗೆ ಬೇರೆ ಡಬ್ಬಿ ಇರುತ್ತದೆ, ಅದರ ಲೆವೆಲ್ ಪ್ರತ್ಯೇಕ ನೋಡಬೇಕು.