ಮನೆ ಸರ್ವರ್‌ಗೆ ಹೊಸ ಪ್ರೊಸೆಸರ್: ಕೋರ್ ಎಣಿಸುವ ಮೊದಲು

ಮನೆ ಸರ್ವರ್‌ನ ಪ್ರೊಸೆಸರ್ ಬದಲಿಸಬೇಕು ಅಂತ ಬರುವವರು ಸಾಮಾನ್ಯವಾಗಿ ಎಷ್ಟು ಕೋರ್ ಬೇಕು ಎಂದೇ ಮಾತು ಶುರು ಮಾಡುತ್ತಾರೆ. ನಾನು ಮಾತ್ರ ಮೊದಲು ಸರ್ವರ್ ಎಲ್ಲಿ ತಿಣುಕುತ್ತಿದೆ ಅಂತ ನೋಡುತ್ತೇನೆ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಯೂನಿಟ್ ನಡೆಸುವವರೊಬ್ಬರ ಮನೆಯ ಉದಾಹರಣೆ ಹೇಳುತ್ತೇನೆ. ಹಳೆಯ ಆಫೀಸ್ ಪಿಸಿ, ಐ5-6500 ಪ್ರೊಸೆಸರ್, 8 ಜಿಬಿ ರ‍್ಯಾಮ್. ಅದರಲ್ಲಿ ಪ್ರಾಕ್ಸ್‌ಮಾಕ್ಸ್, ಅಂದರೆ ಒಂದೇ ಪಿಸಿಯನ್ನು ಹಲವು ಪಿಸಿಗಳಂತೆ ಓಡಿಸುವ ಸಾಫ್ಟ್‌ವೇರ್. ಅದರ ಮೇಲೆ ಸಿನಿಮಾಗಳನ್ನು ಫೋನ್, ಟಿವಿಗೆ ಕಳಿಸುವ ಜೆಲ್ಲಿಫಿನ್, ಲೆಕ್ಕಕ್ಕೆ ಟ್ಯಾಲಿ ಇರುವ ವಿಂಡೋಸ್ ವರ್ಚುವಲ್ ಮಷಿನ್ (ಪಿಸಿಯೊಳಗೆ ಓಡುವ ಇನ್ನೊಂದು ಪಿಸಿ). ಮಗ ಫೋನಿನಲ್ಲಿ 4ಕೆ ಸಿನಿಮಾ ಹಾಕಿದ ಕೂಡಲೇ ಟ್ಯಾಲಿ ಜಗ್ಗುತ್ತಿತ್ತು. "ಸಾರ್, ಆನ್‌ಲೈನ್‌ನಲ್ಲಿ ಹದಿನಾಲ್ಕು ಕೋರ್ ಜಿಯಾನ್ ಸಿಗ್ತದೆ, ಬೋರ್ಡ್ ಸಮೇತ ಅಗ್ಗ. ಅದನ್ನೇ ಹಾಕಿಬಿಡೋಣಲ್ಲ?" ಅಂದರು. ಬೇಡ ಅಂದೆ.

ಅವರು ತೋರಿಸಿದ್ದು ಜಿಯಾನ್ ಇ5-2680 ವಿ4. 14 ಕೋರ್, 28 ಥ್ರೆಡ್ ನಿಜ. ಆದರೆ ಅದರೊಳಗೆ ಗ್ರಾಫಿಕ್ಸ್ ಭಾಗವೇ ಇಲ್ಲ. ವಿಡಿಯೊ ಟ್ರಾನ್ಸ್‌ಕೋಡ್‌ನ, ಅಂದರೆ ನೋಡುವ ಸಾಧನಕ್ಕೆ ಒಗ್ಗುವಂತೆ ವಿಡಿಯೊ ಬದಲಿಸುವ ಕೆಲಸದ, ಪೂರ್ತಿ ಭಾರ ಕೋರ್‌ಗಳ ಮೇಲೇ ಬೀಳುತ್ತದೆ, ಇಲ್ಲವೇ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಬೇಕು. ಸರ್ವರ್ ಹಗಲೂ ರಾತ್ರಿ ಆನ್ ಇರುವಂಥದ್ದು. ಸುಮ್ನೆ ಕೂತಾಗಲೂ 50 ವ್ಯಾಟ್ ಜಾಸ್ತಿ ಎಳೆದರೆ ತಿಂಗಳಿಗೆ 36 ಯೂನಿಟ್ ಆಗುತ್ತದೆ. ಬೇಸಿಗೆಯಲ್ಲಿ ನಮ್ಮಲ್ಲಿ ಕೂಲರ್, ಎಸಿ ಹೇಗೂ ಓಡುತ್ತಿರುತ್ತವೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಅಗ್ಗದ ಜಿಯಾನ್ ಅಗ್ಗವಾಗಿ ಉಳಿಯುವುದಿಲ್ಲ.

ಹಾಗಾದರೆ ಏನು ನೋಡಬೇಕು? ಮೊದಲು ಜೆಲ್ಲಿಫಿನ್ ಡ್ಯಾಶ್‌ಬೋರ್ಡ್. ಸಿನಿಮಾ ಓಡುವಾಗ ಅಲ್ಲಿ ಡೈರೆಕ್ಟ್ ಪ್ಲೇ ಅಂತ ಇದ್ದರೆ ಸರ್ವರ್ ಬರೀ ಫೈಲ್ ಕಳಿಸುತ್ತಿದೆ, ಡಿಕೋಡ್ ಮಾಡುವುದು ಟಿವಿ. ಅದಕ್ಕೆ ಎಷ್ಟು ಹಳೆಯ ಪ್ರೊಸೆಸರ್ ಆದರೂ ಸಾಕು. ಫೋನಿಗೆ ಆ ಫಾರ್ಮ್ಯಾಟ್ ಬಾರದಿದ್ದಾಗ, ಹೊರಗಿನಿಂದ ಕಡಿಮೆ ಡೇಟಾದಲ್ಲಿ ನೋಡುವಾಗ ಟ್ರಾನ್ಸ್‌ಕೋಡ್ ಶುರುವಾಗುತ್ತದೆ. ಚಿತ್ರದ ರೂಪದ ಸಬ್‌ಟೈಟಲ್ ಹಾಕಿದಾಗಲೂ ಅಷ್ಟೇ. ಎಷ್ಟೋ ಮನೆಗಳಲ್ಲಿ ಸಬ್‌ಟೈಟಲ್‌ಗೆ ಬರೀ ಅಕ್ಷರಗಳಿರುವ ಎಸ್‌ಆರ್‌ಟಿ ಫೈಲ್ ಹಾಕಿಕೊಂಡರೆ ಅರ್ಧ ತಲೆನೋವು ಹೋಗುತ್ತದೆ, ಪ್ರೊಸೆಸರ್ ಮುಟ್ಟುವುದೇ ಬೇಡ.

ಟ್ರಾನ್ಸ್‌ಕೋಡ್ ಬೇಕೇ ಬೇಕು ಅಂದರೆ ಪ್ರೊಸೆಸರ್‌ನ ಗ್ರಾಫಿಕ್ಸ್ ಭಾಗದಲ್ಲೇ ಆ ಕೆಲಸ ಮಾಡುವ ಇಂಟೆಲ್‌ನ ಕ್ವಿಕ್ ಸಿಂಕ್ ನೋಡಿ. 2011ರಿಂದಲೇ ಇದೆ, ಆದರೆ ತಲೆಮಾರಿನಿಂದ ತಲೆಮಾರಿಗೆ ವ್ಯತ್ಯಾಸ ದೊಡ್ಡದು. ಆರನೇ ತಲೆಮಾರಿನ 6500 ಎಂಟು ಬಿಟ್ ಬಣ್ಣದ ಎಚ್‌ಇವಿಸಿ (4ಕೆ ಸಿನಿಮಾಗಳಲ್ಲಿ ಬಳಸುವ ವಿಡಿಯೊ ಫಾರ್ಮ್ಯಾಟ್) ನಿಭಾಯಿಸುತ್ತದೆ. 4ಕೆ ಎಚ್‌ಡಿಆರ್ ಸಿನಿಮಾಗಳು ಹತ್ತು ಬಿಟ್‌ನವು. ಅದನ್ನು ಹಾರ್ಡ್‌ವೇರ್‌ನಲ್ಲೇ ಪೂರ್ತಿ ಮಾಡುವುದು ಏಳನೇ ತಲೆಮಾರಿನಿಂದ. ಆ ಮನೆಯಲ್ಲಿ ಟ್ಯಾಲಿ ಜಗ್ಗಲು ಒಂದು ಕಾರಣ ಇದೇ. ಇನ್ನೊಂದು ಕಾರಣ ರ‍್ಯಾಮ್. 8 ಜಿಬಿಯಲ್ಲಿ ವಿಂಡೋಸ್ ಒಂದೇ ಅರ್ಧ ತಿಂದು ಕೂತಿತ್ತು. ಮನೆಯ ವರ್ಚುವಲ್ ಮಷಿನ್‌ಗಳು ಹೆಚ್ಚು ಹೊತ್ತು ಸುಮ್ಮನೇ ಇರುತ್ತವೆ. ಹಾಗಾಗಿ ನಾಲ್ಕು ಕೋರ್ ಮೇಲೆ ನಾಲ್ಕೈದು ಮಷಿನ್ ಆರಾಮಾಗಿ ಓಡುತ್ತವೆ. ಮೊದಲು ಸಾಲದೆ ಬರುವುದು ರ‍್ಯಾಮ್.

ಅದೇ ಬೋರ್ಡ್‌ಗೆ ಸೆಕೆಂಡ್ ಹ್ಯಾಂಡ್ ಐ7-7700 ಹಾಕಿದೆವು, ರ‍್ಯಾಮ್ 32 ಜಿಬಿ ಮಾಡಿದೆವು. ಎರಡೂ ಪ್ರೊಸೆಸರ್ 65 ವ್ಯಾಟ್‌ನವೇ, ಹಳೆಯ ಕೂಲರ್ ಸಾಲುತ್ತದೆ. ಜೆಲ್ಲಿಫಿನ್ ಅನ್ನು ಕಂಟೇನರ್‌ನಲ್ಲಿಟ್ಟೆವು, ಅದು ವರ್ಚುವಲ್ ಮಷಿನ್‌ಗಿಂತ ಹಗುರವಾದ ಪ್ರತ್ಯೇಕ ಜಾಗ. ಗ್ರಾಫಿಕ್ಸ್ ಅನ್ನು ಒಂದು ವರ್ಚುವಲ್ ಮಷಿನ್‌ಗೆ ಪಾಸ್‌ಥ್ರೂ (ನೇರವಾಗಿ ಬಿಟ್ಟುಕೊಡುವುದು) ಕೊಟ್ಟರೆ ಅದು ಅಲ್ಲಿಗೇ ಮೀಸಲಾಗಿಬಿಡುತ್ತದೆ. ಕಂಟೇನರ್‌ಗಳಾದರೆ ಹಂಚಿಕೊಳ್ಳುತ್ತವೆ. ಜೆಲ್ಲಿಫಿನ್ ಬದಲು ಪ್ಲೆಕ್ಸ್ ಬಳಸುವವರು ನೆನಪಿಡಿ, ಹಾರ್ಡ್‌ವೇರ್ ಟ್ರಾನ್ಸ್‌ಕೋಡ್‌ಗೆ ಅದರ ಪಾಸ್ ದುಡ್ಡು ಕೊಟ್ಟು ಕೊಳ್ಳಬೇಕು.

ಕೊಳ್ಳುವಾಗ ಸಾಕೆಟ್ ಹೆಸರು ಮಾತ್ರ ನಂಬಬೇಡಿ. ಎಂಟನೇ ತಲೆಮಾರಿನ ಪ್ರೊಸೆಸರ್‌ನದ್ದೂ 1151 ಸಾಕೆಟ್ಟೇ, ಆದರೆ ಆರು-ಏಳನೇ ತಲೆಮಾರಿನ ಬೋರ್ಡ್‌ನಲ್ಲಿ ಅದು ಓಡುವುದಿಲ್ಲ, 300 ಸರಣಿಯ ಚಿಪ್‌ಸೆಟ್ ಬೇಕು. ಹೆಸರಿನ ಕೊನೆಗೆ ಎಫ್ ಇದ್ದರೆ ಗ್ರಾಫಿಕ್ಸ್ ಇಲ್ಲ, ನಮ್ಮ ಕೆಲಸಕ್ಕೆ ಬಾರದು. ಕೊನೆಗೆ ಟಿ ಇದ್ದರೆ ಕರೆಂಟ್ ಉಳಿಯುತ್ತದೆ ಅಂತ ಜಾಸ್ತಿ ದುಡ್ಡು ಕೊಡುವವರಿದ್ದಾರೆ. ಖಾಲಿ ಕೂತಾಗ ಟಿ ಇರುವುದೂ ಇಲ್ಲದ್ದೂ ಹೆಚ್ಚುಕಡಿಮೆ ಒಂದೇ. ಟಿಯಲ್ಲಿ ಭಾರ ಬಿದ್ದಾಗಿನ ಮಿತಿ ಮಾತ್ರ ಕಡಿಮೆ, ಅದನ್ನು ಎಷ್ಟೋ ಬೋರ್ಡ್‌ಗಳಲ್ಲಿ ಬಯೋಸ್‌ನಲ್ಲಿ (ಬೋರ್ಡ್‌ನ ಮೂಲ ಸಾಫ್ಟ್‌ವೇರ್) ನಾವೇ ಇಳಿಸಬಹುದು. ಡಿಸ್ಕ್ ಕಂಟ್ರೋಲರ್ ಥರದ್ದನ್ನು ಪಾಸ್‌ಥ್ರೂ ಕೊಡುವವರು ಅದಕ್ಕೆ ಬೇಕಾದ ವಿಟಿ-ಡಿ ಸೌಲಭ್ಯ ಪ್ರೊಸೆಸರ್‌ನಲ್ಲಿ ಇದೆಯಾ ನೋಡಿ. ಐ7-4770ರಲ್ಲಿ ಇದೆ, ಅದಕ್ಕಿಂತ ದುಬಾರಿಯಾಗಿದ್ದ 4770ಕೆಯಲ್ಲಿ ಇಲ್ಲ.

ಹೊಸದಾಗಿ ಕಟ್ಟುವವರಿಗೆ ಐ3-12100 ಧಾರಾಳ ಸಾಕು. ಮೂರ್ನಾಲ್ಕು ಜನ ಒಟ್ಟಿಗೆ ಟ್ರಾನ್ಸ್‌ಕೋಡ್‌ನಲ್ಲಿ ನೋಡುವ ಮನೆಯಾದರೆ ಐ5-12500.

ಬಳ್ಳಾರಿ, ರಾಯಚೂರಿನವರಿಗೆ ಇನ್ನೊಂದು ಮಾತು. ಏಪ್ರಿಲ್, ಮೇನಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ, ಆರ್‌ಸಿಸಿ ಮನೆಯ ಅಟ್ಟ ಅದಕ್ಕಿಂತ ಕೆಟ್ಟದು. ಕೆಂಪು ಧೂಳು ಹೀಟ್‌ಸಿಂಕ್ ಸಂದಿಗಳಲ್ಲಿ ಕೂರುತ್ತದೆ. ಇಂಟೆಲ್ ಪ್ರೊಸೆಸರ್ 100 ಡಿಗ್ರಿ ಹತ್ತಿರ ಬಂದರೆ ತಾನೇ ವೇಗ ಇಳಿಸುತ್ತದೆ, ಆಗ ಕೊಟ್ಟ ದುಡ್ಡೆಲ್ಲ ವ್ಯರ್ಥ. ಸರ್ವರನ್ನು ಅಟ್ಟದಿಂದ ಕೆಳಗಿಳಿಸಿ. ಪ್ರೊಸೆಸರ್ ಬದಲಿಸುವಾಗ ಹೀಟ್‌ಸಿಂಕ್ ಬ್ಲೋವರ್‌ನಿಂದ ಊದಿಸಿ, ಹೊಸ ಥರ್ಮಲ್ ಪೇಸ್ಟ್ ಹಾಕಿಸಿ.

ಬಯೋಸ್ ಅಪ್‌ಡೇಟ್ ಅನ್ನು ಹಳೆಯ ಪ್ರೊಸೆಸರ್ ಇರುವಾಗಲೇ ಮಾಡಿ, ಅದೂ ಯುಪಿಎಸ್ ಮೇಲೆ. ಮಧ್ಯದಲ್ಲಿ ಕರೆಂಟ್ ಹೋದರೆ ಬೋರ್ಡೇ ಹೋದೀತು. ಅಪ್‌ಡೇಟ್ ಆದಮೇಲೆ ಸೆಟ್ಟಿಂಗ್‌ಗಳು ಮೊದಲಿನಂತಾಗಿ, ವರ್ಚುವಲೈಸೇಶನ್ ಆಫ್ ಆಗಿರುವುದುಂಟು. ವರ್ಚುವಲ್ ಮಷಿನ್ ಏಳದಿದ್ದರೆ ಹೊಸ ಪ್ರೊಸೆಸರ್ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ, ಬಯೋಸ್‌ಗೆ ಹೋಗಿ ವಿಟಿ-ಎಕ್ಸ್ (ಇಂಟೆಲ್‌ನಲ್ಲಿ ವರ್ಚುವಲೈಸೇಶನ್‌ಗೆ ಇರುವ ಹೆಸರು) ಆನ್ ಮಾಡಿ.